ತಳದ ಸ್ಟಿಕರ್

"ಮುಟ್ಟಬೇಡಿ ಮೇಡಂ!"

ಡಾಕ್ಟರು ಕೂಗಿದ ರಭಸಕ್ಕೆ ನಾನು ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಹಲ್ಲು ಕೀಳಿಸಿಕೊಳ್ಳುವವರ ಕುರ್ಚಿಗೆ ಜೋಡಿಸಿದ ತಟ್ಟೆಯಿಂದ ಇಕ್ಕಳ, ಚಿಮಟಗಳನ್ನೆಲ್ಲ ತೆಗೆದು ಬಿಳಿ ಬಟ್ಟೆ ಹಾಸಿದ್ದರು. ಅದರ ಮೇಲೆ ಅಂಗೈಯಗಲದ ಒಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ಸುತ್ತ ಗಾಜಿನಂಥ ಪ್ಲಾಸ್ಟಿಕ್ ಹೊದಿಕೆ. ಚಿತ್ರದಲ್ಲಿ ಕಪ್ಪು ಬಟ್ಟೆಯ ನಿಂಜಾ ಒಬ್ಬ ಕತ್ತಿ ಹಿರಿದು ಕೋಟೆ ಗೋಡೆಯಿಂದ ಹಾರುತ್ತಿದ್ದ. ಮೂವತ್ತು ವರ್ಷದಿಂದ ಹಾರುತ್ತಲೇ ಇದ್ದಾನೆ, ಪಾಪ, ಇನ್ನೂ ನೆಲ ಮುಟ್ಟಿಲ್ಲ.

"ನಕಲಿ ಹೊದಿಕೆ ಅಂತ ಗೊತ್ತಾದ ಮೇಲೂ ಮುಟ್ಟಬಾರದಾ ಡಾಕ್ಟ್ರೇ?"

"ಅಭ್ಯಾಸ ಕಣಮ್ಮ." ಅವರ ದನಿ ಇಳಿಯಿತು. "ಇಷ್ಟು ವರ್ಷ ನಾನೇ ಮುಟ್ಟಿರಲಿಲ್ಲ."

ಗೋಡೆಗೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರ್ ಕೆಮ್ಮಿದ. ನಾನು ಪೊಲೀಸ್ ಇಲಾಖೆಯಲ್ಲಿದ್ದಾಗ ನನ್ನ ಕೈಕೆಳಗೆ ಕೆಲಸ ಕಲಿತವನು. ಆ ಮರ್ಯಾದೆಗೆ ಇಷ್ಟು ಹೊತ್ತು ಕಾದಿದ್ದ.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಎಲ್ಲರನ್ನೂ ಇಲ್ಲಿ ಸೇರಿಸಿದ್ದೀನಿ. ಏನೂ ಸಿಗ್ಲಿಲ್ಲ ಅಂದ್ರೆ ಇಲ್ಲಿಂದಲೇ ನಿಮ್ಮ ತಮ್ಮನ್ನ ಕರ್ಕೊಂಡು ಹೋಗ್ತೀನಿ."

ವಿಷಯ ಇಷ್ಟೇ. ಡಾಕ್ಟರಿಗೆ ಹಳೆ ವೀಡಿಯೊ ಗೇಮು ಕೂಡಿಡುವ ಹುಚ್ಚು. ಅವರ ಕಪಾಟಿನಿಂದ ಅಸಲಿ ಪೆಟ್ಟಿಗೆಯನ್ನು ಯಾರೋ ಎತ್ತಿ, ಅದರ ಜಾಗದಲ್ಲಿ ಇದನ್ನಿಟ್ಟಿದ್ದರು. ಆ ಕಪಾಟಿನ ದೀಪ ರಿಪೇರಿಗೆ ಬಂದಿದ್ದವನು ನನ್ನ ತಮ್ಮ.

ಕೈಯಲ್ಲಿ ಹಿಡಿದು ಆಡುವ ಒಂದು ಹಳೆ ವೀಡಿಯೊ ಗೇಮಿಗೆ ಇಷ್ಟೆಲ್ಲ ರಾದ್ಧಾಂತವೇ ಅಂತ ನಾನೂ ಮೊದಲು ನಕ್ಕಿದ್ದೆ. ಆಮೇಲೆ ತಿಳಿಯಿತು. ಇದೇ ಗೇಮು, ಇದೇ ಪೆಟ್ಟಿಗೆ, ಒಮ್ಮೆ ಬಿಚ್ಚಿದ್ದರೆ ಒಂದು ಜೊತೆ ಒಳ್ಳೆ ಚಪ್ಪಲಿಯ ಬೆಲೆ. ಕಾರ್ಖಾನೆಯ ಹೊದಿಕೆ ಬಿಚ್ಚದೆ ಹಾಗೇ ಇದ್ದರೆ ಒಂದು ಮನೆಯ ಬೆಲೆ. ಆಡಲೆಂದು ಮಾಡಿದ ವಸ್ತುವಿಗೆ ಯಾರೂ ಆಡದಿದ್ದರೆ ಮಾತ್ರ ಮಾನ! ಬಡಿಸಿದ ಅನ್ನಕ್ಕಿಂತ ಹಳಸಿದ ಅನ್ನಕ್ಕೆ ಬೆಲೆ ಜಾಸ್ತಿ ಅಂದ ಹಾಗಾಯಿತು. ಲೋಕ ಹೀಗೂ ಇದೆ.

ನಮ್ಮ ಮನೆಯಲ್ಲೂ ಇದೇ ನಿಂಜಾ ಇದ್ದ. ಅಪ್ಪ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದು. ಆಗಿನ ಆ ಯಂತ್ರದ ಪರದೆಗೆ ಬೆಳಕೇ ಇರಲಿಲ್ಲ. ಮೇಜಿನ ಕೆಳಗೆ ಕೂತು ನಾನು ಆಡುತ್ತಿದ್ದರೆ ತಮ್ಮ ಟಾರ್ಚ್ ಹಿಡಿದು ಕೂರುತ್ತಿದ್ದ. ಹಳ್ಳ ಬಂದಾಗಲೆಲ್ಲ "ಜಿಗಿ ಅಕ್ಕ, ಜಿಗಿ!" ಅಂತ ಕಿವಿಯ ಹತ್ತಿರ ಕಿರುಚುತ್ತಿದ್ದ. ಮನೆ ಬದಲಿಸುವಾಗ ಅದು ಎಲ್ಲೋ ಕಳೆದುಹೋಯಿತೆಂದು ಅಮ್ಮ ಹೇಳಿದ್ದಳು. ಅಂದು ನಾನು ಅತ್ತಿದ್ದೆ.

ಈಗ ಆ ಟಾರ್ಚಿನ ಹುಡುಗ ತಲೆ ನರೆತು, ರೋಗಿಗಳು ಕಾಯುವ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದ. ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಕಲೆಗಳು. ರೇಡಿಯೊ, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಏನು ಕೊಟ್ಟರೂ ಜೀವ ತುಂಬುತ್ತಾನೆ. ಕಳ್ಳ ಅನ್ನುವ ಹೆಸರು ಒಮ್ಮೆ ಬಿದ್ದರೆ ಅವನ ಅಂಗಡಿಗೆ ಯಾರು ತಮ್ಮ ಸಾಮಾನು ಕೊಡುತ್ತಾರೆ? ಬಾಗಿಲು ಹಾಕಿದಂತೆಯೇ.

"ಕೊನೇ ಸಲ ಕೇಳ್ತೀನಿ. ಅವತ್ತು ನಿನ್ನ ಜೊತೆ ಬಂದು ಏಣಿ ಹಿಡ್ಕೊಂಡಿದ್ದವರು ಯಾರೋ?" ಅಂದೆ.

"ಹೇಳಿದ್ನಲ್ಲ ಅಕ್ಕ. ದಾರೀಲಿ ಸಿಕ್ಕವರು. ಸ್ವಲ್ಪ ಹಿಡ್ಕೊಳ್ಳಿ ಅಂದೆ, ಹಿಡ್ಕೊಂಡ್ರು."

"ದಾರೀಲಿ ಸಿಕ್ಕವರು ನಿನ್ನ ಜೊತೆ ಎರಡು ಮಹಡಿ ಹತ್ತಿ ಬಂದು ಏಣಿ ಹಿಡೀತಾರಾ? ಪರೋಪಕಾರಿಗಳ ಊರು ನೋಡು ಇದು!"

ಅವನು ನೆಲ ನೋಡಿದ. ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ಬಿಗಿಯಬೇಕೆನಿಸಿತು. ಚಿಕ್ಕಂದಿನಿಂದ ಇವನು ನನ್ನ ಹತ್ತಿರ ಒಂದು ಸುಳ್ಳನ್ನೂ ನೆಟ್ಟಗೆ ಹೇಳಿದವನಲ್ಲ.

"ಡಾಕ್ಟ್ರೇ, ನಿಮಗಾದ್ರೂ ಅವರ ಮುಖ ನೆನಪಿದೆಯಾ?"

"ನನಗೆ ಮುಖ ನೆನಪಿರಲ್ಲಮ್ಮ, ಹಲ್ಲು ನೆನಪಿರುತ್ತೆ. ಆ ಮನುಷ್ಯ ಬಾಯೇ ಬಿಡಲಿಲ್ಲ." ಡಾಕ್ಟರು ನಿಜವಾಗಿಯೇ ನೊಂದುಕೊಂಡು ಹೇಳಿದರು. "ನಡುವೆ ಫೋನ್ ಬಂತು, ನಾನು ಹೊರಗೆ ಹೋದೆ. ನಿಮ್ಮ ತಮ್ಮ ತಂತಿ ತರೋಕೆ ಅಂತ ಕೆಳಗೆ ಹೋಗಿದ್ದ. ಆ ಹೊತ್ತಲ್ಲಿ ಕಪಾಟಿನ ಹತ್ರ ಅವರೊಬ್ಬರೇ."

ಸೆಕೆಯಾಯಿತು. ಕಿಟಕಿಯ ಹತ್ತಿರ ಹೋದೆ. ಕೆಳಗೆ ಬೇಕರಿಯ ಮುಂದೆ ಸ್ಕೂಟರಿಗೆ ಒರಗಿಕೊಂಡು ನಮ್ಮ ಮನೆಯವರು ಕಾಯುತ್ತಿದ್ದರು. ಬೆಳಿಗ್ಗೆ ತಿಂಡಿಯನ್ನೂ ಸರಿಯಾಗಿ ತಿಂದಿರಲಿಲ್ಲ. "ನಿನ್ನ ತಮ್ಮನ ಚಿಂತೆ ಕಣೇ" ಅಂದಿದ್ದರು.

ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್ ಅವರು. ಕಟ್ಟಿಕೊಂಡ ಕೆಲಸ ಮನೆಗೂ ಬರುತ್ತದೆ. ನಮ್ಮಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್, ಟಾರ್ಚಿಗೆ ಪ್ಲಾಸ್ಟಿಕ್, ನನ್ನ ಕೊಡೆಯ ಹಿಡಿಗೂ ಪ್ಲಾಸ್ಟಿಕ್. ಇವತ್ತು ಬರುವಾಗ ಅವರ ಹೆಲ್ಮೆಟ್ಟಿನ ಹಿಂದೆ ಅಂಗಡಿಯವನ ಬೆಲೆ ಚೀಟಿ ಇನ್ನೂ ಅಂಟಿಕೊಂಡಿದ್ದು ಕಂಡು ಉಗುರಿನಿಂದ ಕೆರೆಯಲು ಹೋದೆ. ಸ್ಕೂಟರ್ ಓಡಿಸುತ್ತಲೇ ಗದರಿದರು. "ಲೇಬಲ್ ಮುಟ್ಟಬೇಡ! ನಮ್ಮಲ್ಲಾದ್ರೆ ಕೆಲಸ ಹೋಗುತ್ತೆ!" ಎಷ್ಟೋ ದಿನದ ಮೇಲೆ ನಾನು ನಕ್ಕಿದ್ದು ಆಗಲೇ.

ಕಿಟಕಿ ಬಿಟ್ಟು ತಟ್ಟೆಯ ಹತ್ತಿರ ಬಂದೆ.

"ಡಾಕ್ಟ್ರೇ, ಹಲ್ಲಿನ ಹಿಂಭಾಗ ನೋಡೋ ಕನ್ನಡಿ ಇದೆಯಲ್ಲ, ಅದನ್ನ ಕೊಡಿ. ನೀವೇ ಪೆಟ್ಟಿಗೆ ಸ್ವಲ್ಪ ಎತ್ತಿ ಹಿಡೀರಿ."

ಅವರು ಹಾಲುಹಲ್ಲು ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿದರು. ಕುರ್ಚಿಯ ದೊಡ್ಡ ದೀಪ ಎಳೆದು, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ತಳಕ್ಕೆ ತೂರಿಸಿದೆ.

ತಳದ ಮೂಲೆಯಲ್ಲಿ ಹಳದಿಗಟ್ಟಿದ ಒಂದು ಸಣ್ಣ ಸ್ಟಿಕರ್ ಇತ್ತು. ಅಂಗಡಿಯ ಬೆಲೆ ಚೀಟಿ. ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಉಗುರಿನ ತುದಿಯನ್ನು ಅದರ ಮೇಲೆ ಆಡಿಸಿದೆ. ನುಣ್ಣಗೆ ಜಾರಿತು. ಸ್ಟಿಕರ್ ಪ್ಲಾಸ್ಟಿಕ್ಕಿನ ಮೇಲಿರಲಿಲ್ಲ, ಒಳಗೆ, ರಟ್ಟಿಗೇ ಅಂಟಿತ್ತು.

"ಸಾರ್, ಸ್ವಲ್ಪ ಹತ್ರ ಬನ್ನಿ," ಎಂದು ಮೂಲೆಯಲ್ಲಿ ನಿಂತಿದ್ದ ಬೆಲೆಗಾರರನ್ನು ಕರೆದೆ.

ಹಳೆ ಗೇಮುಗಳನ್ನು ಪರೀಕ್ಷಿಸಿ, ಅಸಲಿ ಅಂತ ಸಹಿ ಹಾಕಿ, ಬೆಲೆ ಕಟ್ಟುವುದು ಈ ಮಹಾಶಯರ ಕೆಲಸ. ಸಂಗ್ರಹ ಮಾಡುವವರ ನಡುವೆ ಇವರ ಮಾತೇ ವೇದ. ತಮ್ಮದೇ ದೊಡ್ಡ ಸಂಗ್ರಹವೂ ಇದೆ. ಕೈಗೆ ಬಿಳಿ ಹತ್ತಿಯ ಗವಸು. ತಿಂಗಳ ಹಿಂದೆ ಕಪಾಟಿನಲ್ಲಿದ್ದ ಪೆಟ್ಟಿಗೆ ಅಸಲಿ ಎಂದವರೂ ಅವರೇ, ನನ್ನ ತಮ್ಮ ಬಂದು ಹೋದ ಮೇಲೆ ಅಲ್ಲಿರುವುದು ನಕಲಿ ಎಂದವರೂ ಅವರೇ.

"ಕಾರ್ಖಾನೆ ಹೊದಿಕೆಗೆ ಹಿಂದೆ ಮಡಿಸಿದ ಹೊಲಿಗೆ ಥರ ಒಂದು ಗೆರೆ ಇರುತ್ತೆ, ಇದರಲ್ಲಿ ಅಂಚು ಕರಗಿಸಿ ಕೂಡಿಸಿದ್ದಾರೆ ಅಂತ ನೀವೇ ತೋರಿಸಿದ್ರಿ. ಸರಿ. ಈ ಸ್ಟಿಕರ್ ವಿಷಯ ಯಾಕೆ ಹೇಳಲಿಲ್ಲ?"

ಅವರು ಬಗ್ಗಿ ಕನ್ನಡಿ ನೋಡಿದರು. ಕುತ್ತಿಗೆ ಕೆಂಪಾಯಿತು.

"ಅದರ ಅಗತ್ಯ ಬೀಳಲಿಲ್ಲ."

"ತಳ ನೋಡಿದ್ರಾ?"

"ಹೊದಿಕೆ ನೋಡಿದ ತಕ್ಷಣ ಗೊತ್ತಾಯ್ತು, ತಳದವರೆಗೂ ಯಾಕೆ..."

"ಮೊದಲನೇ ಸಲ? ಅಸಲಿ ಅಂತ ಸಹಿ ಹಾಕಿದಾಗ?"

ಅವರು ಗವಸಿನ ಬೆರಳುಗಳನ್ನು ಎಳೆದು ಸರಿಮಾಡಿಕೊಂಡರು.

ಡಾಕ್ಟರು ನಿಧಾನವಾಗಿ ಹೇಳಿದರು. "ಅವತ್ತು ಪೆಟ್ಟಿಗೆ ಹೊರಗೇ ತೆಗೀಲಿಲ್ಲ. ಗಾಜಿನಾಚೆಯಿಂದಲೇ ನೋಡಿದ್ರು. ಆಮೇಲೆ ನನ್ನನ್ನ ನೀರು ತರೋಕೆ ಕಳಿಸಿದ್ರು."

"ಏನ್ರೀ ಡಾಕ್ಟ್ರೇ, ನೀರು ಕೇಳಿದ್ದು ತಪ್ಪಾ?" ಬೆಲೆಗಾರರು ಗವಸು ಕಿತ್ತು ಜೇಬಿಗೆ ತುರುಕಿದರು. "ನಾನೇ ಕದ್ದಿದ್ರೆ ನಾನೇ ಬಂದು ನಕಲಿ ಅಂತ ಹೇಳ್ತಿದ್ನಾ?"

"ಕದ್ದಿರಿ ಅಂತ ಇಲ್ಲಿ ಯಾರೂ ಅನ್ನಲಿಲ್ಲ ಸಾರ್. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

ಇನ್ಸ್‌ಪೆಕ್ಟರ್ ಗೋಡೆ ಬಿಟ್ಟು ನೆಟ್ಟಗೆ ನಿಂತ. ನನಗೆ ಹುರುಪು ಬಂತು. ಆ ಹುರುಪೇ ನನ್ನ ಮನೆ ಹಾಳು ಮಾಡಲಿದೆಯೆಂದು ಆಗ ತಿಳಿದಿದ್ದರೆ ಅಲ್ಲೇ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ.

"ಕೇಳಿ. ಹೊಸ ಗೇಮಿಗೆ ಅಂಗಡಿಯವನು ಚೀಟಿ ಅಂಟಿಸೋದು ಪ್ಲಾಸ್ಟಿಕ್ಕಿನ ಮೇಲೆ. ರಟ್ಟಿಗೇ ಅಂಟಿದೆ ಅಂದ್ರೆ ಇದು ಒಮ್ಮೆ ಬಿಚ್ಚಿ, ಆಡಿ, ಹಳೆ ಸಾಮಾನಿನ ಅಂಗಡಿಗೆ ಬಂದ ಪೆಟ್ಟಿಗೆ. ಅದಕ್ಕೇ ಹೊಸ ಪ್ಲಾಸ್ಟಿಕ್ ಹೊದಿಸಿದ್ದಾರೆ. ಇಷ್ಟು ಚೆನ್ನಾಗಿ ಹೊದಿಸಿದವನು ಮೊದಲು ಸ್ಟಿಕರ್ ಕಿತ್ತು ಹಾಕಬೇಕಿತ್ತು ತಾನೆ? ಯಾಕೆ ಕೀಳಲಿಲ್ಲ?"

"ಕಿತ್ತರೆ ರಟ್ಟಿನ ಸಿಪ್ಪೆ ಎದ್ದು ಬರುತ್ತೆ," ಬೆಲೆಗಾರರ ಬಾಯಿಂದ ತಾನಾಗಿಯೇ ಬಂತು.

"ಹಾಂ! ಸಿಪ್ಪೆ ಬಂದ್ರೆ ಪೆಟ್ಟಿಗೆ ಬೆಲೆ ಬಿತ್ತು. ಅದನ್ನ ಸಹಿಸೋಕಾಗದ ಕೈ ಈ ಕೆಲಸ ಮಾಡಿದೆ. ಕಳ್ಳತನದ ನಡುವೇನೂ ಪೆಟ್ಟಿಗೆಗೆ ನೋವಾಗಬಾರದು ಅಂತ ನೋಡ್ಕೊಂಡ ಕೈ. ನನ್ನ ತಮ್ಮನದಲ್ಲ. ಅವನ ಅಂಗಡಿಗೆ ಬನ್ನಿ, ಸ್ಟಿಕರ್ ಇರೋ ಸಾಮಾನು ಒಂದು ತೋರಿಸಿ. ಬಿಸಿಗಾಳಿ ಹಿಡಿದು ಮೊದಲು ಅದನ್ನ ಕಿತ್ತು ಬಿಸಾಕ್ತಾನೆ, ಆಮೇಲೆ ಸ್ಕ್ರೂಗೆ ಕೈ ಹಾಕ್ತಾನೆ."

ಬೆಲೆಗಾರರು ಕಾಯುವ ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದು ಕೂತರು. ತಮ್ಮನತ್ತ ತಿರುಗಿ ನೋಡಿದೆ. ಖುಷಿಯಾಗಿರುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಬಿಚ್ಚಿ ನೋಡಬೇಕು ಮೇಡಂ," ಅಂದ ಇನ್ಸ್‌ಪೆಕ್ಟರ್. "ಒಳಗೆ ಏನಿದೆ ಅಂತ ತಿಳೀಲಿ."

"ಬೇಡ ಅಕ್ಕ." ಅಷ್ಟು ಹೊತ್ತು ನೆಲ ನೋಡುತ್ತ ಕೂತಿದ್ದವನು ಎದ್ದೇ ಬಿಟ್ಟ. "ಬಿಚ್ಚೋದು ಬೇಡ."

"ಕೂತ್ಕೋ ನೀನು!"

ಡಾಕ್ಟರು ಸಣ್ಣ ಬ್ಲೇಡು ತೆಗೆದುಕೊಂಡರು. ಸಾವಿರಾರು ಹಲ್ಲು ಕಿತ್ತ ಕೈ ಪ್ಲಾಸ್ಟಿಕ್ ಸೀಳುವ ಮೊದಲು ಎರಡು ಸಲ ಹಿಂದೆ ಸರಿಯಿತು. ಪೆಟ್ಟಿಗೆಯೊಳಗೆ ಬೂದು ಬಣ್ಣದ ಪುಟ್ಟ ಕ್ಯಾಸೆಟ್ ಇತ್ತು. ಕಪಾಟಿನಿಂದ ಹಳೆ ಯಂತ್ರವೊಂದನ್ನು ತಂದು ಅದರೊಳಗೆ ಸಿಕ್ಕಿಸಿ ಗುಂಡಿ ಒತ್ತಿದರು. ಹಸಿರು ಪರದೆಯ ಮೇಲೆ ನಿಂಜಾ ಮೂಡಿದ. ಆಮೇಲೆ ಹೆಚ್ಚು ಅಂಕ ಗಳಿಸಿದವರ ಹೆಸರು ಬಂತು. ನಾಲ್ಕೇ ಅಕ್ಷರ ಹಿಡಿಯುವ ಜಾಗ.

ಜೆ. ಐ. ಜಿ. ಐ.

ಜಿಗಿ.

ಆ ಹೆಸರು ಬರೆದದ್ದು ನಾನು. ಕೋಟೆಯ ಕೊನೆಯ ಬಾಗಿಲು ದಾಟಿದ ದಿನ, ಟಾರ್ಚಿನ ಬೆಳಕಲ್ಲಿ, ತಮ್ಮನ ಚೀರಾಟವನ್ನೇ ನನ್ನ ಹೆಸರು ಮಾಡಿಕೊಂಡು ಬರೆದಿದ್ದೆ. ಅಪ್ಪ ತಂದ ಗೇಮು, ಹಳೆ ಸಾಮಾನಿನ ಅಂಗಡಿಯ ಆ ಸ್ಟಿಕರ್. ನಮ್ಮ ಮನೆಯದೇ ಅದು!

"ಜಿಗಿ ಅಂದ್ರೆ ಯಾರು?" ಇನ್ಸ್‌ಪೆಕ್ಟರ್ ಕೇಳಿದ.

ಬೆಲೆಗಾರರು ಎದ್ದು ಬಂದು ಪರದೆ ನೋಡಿದರು. ಈಗ ಅವರ ಸರದಿ.

"ಯಾರಾದ್ರೂ ಇರಲಿ. ಈ ಕ್ಯಾಸೆಟ್ಟಿನೊಳಗೆ ಗುಂಡಿಯಂಥ ಒಂದು ಬ್ಯಾಟರಿ ಇರುತ್ತೆ. ಅಂಕಗಳನ್ನ ನೆನಪಿಡೋದು ಅದೇ. ಇಷ್ಟು ವರ್ಷಕ್ಕೆ ಅದು ಸತ್ತು ಹೆಸರೆಲ್ಲ ಅಳಿಸಿಹೋಗಿರಬೇಕಿತ್ತು. ಯಾರೋ ಹೊಸ ಬ್ಯಾಟರಿ ಹಾಕಿದ್ದಾರೆ. ಹಳೇದನ್ನ ತೆಗೆಯೋ ಹೊತ್ತಲ್ಲಿ ಹೊರಗಿಂದ ತಂತಿ ಕೊಟ್ಟು, ಹೆಸರು ಅಳಿಸದ ಹಾಗೆ ನೋಡ್ಕೊಂಡಿದ್ದಾರೆ." ಅವರು ನನ್ನತ್ತ ತಿರುಗಿದರು. "ಇದು ಸಂಗ್ರಹ ಮಾಡೋರ ಕೈ ಅಲ್ಲಮ್ಮ. ರಿಪೇರಿಯವರ ಕೈ."

ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ.

"ನಾನೇ ಸಾರ್," ತಮ್ಮನ ದನಿ ಕೇಳಿಸಿತು. "ಇದು ನಮ್ಮ ಮನೇದು. ನಾನೇ ತಂದಿಟ್ಟೆ, ನಾನೇ ಅದನ್ನ ತಗೊಂಡೆ. ಅಕ್ಕನಿಗೆ ಏನೂ ಗೊತ್ತಿಲ್ಲ. ನಡೀರಿ, ಹೋಗೋಣ."

ಎಷ್ಟು ಸಲೀಸಾಗಿ ಹೇಳಿದ! ಯಾವುದೋ ಒಂದು ಬಾಗಿಲು ಮುಚ್ಚುವ ಅವಸರ ಅವನಿಗೆ. ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದ, ತಲೆ ತಗ್ಗಿಸಿದ.

"ಒಂದೆರಡು ಮಾತಾಡಿ ಮೇಡಂ. ನಾನು ಬಾಗಿಲ ಹತ್ರ ಇರ್ತೀನಿ."

ತಮ್ಮನ ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋದೆ.

"ಅಸಲಿ ಎಲ್ಲಿಟ್ಟಿದ್ದೀಯ?"

"ಅದು... ಆಮೇಲೆ ಹೇಳ್ತೀನಿ."

"ಥೂ! ಸುಳ್ಳಾಡೋಕೂ ಬರಲ್ಲ ನಿನಗೆ. ಈ ಗೇಮು ನಿನ್ನ ಕೈಗೆ ಹೇಗೆ ಬಂತು?"

ಅವನ ಕಣ್ಣು ತುಂಬಿತು. "ಅಮ್ಮನ ಟ್ರಂಕಿನ ತಳದಲ್ಲಿತ್ತು ಅಕ್ಕ. ಬ್ಯಾಟರಿ ಇವತ್ತೋ ನಾಳೆಯೋ ಅನ್ನೋ ಹಾಗಿತ್ತು. ನಿನ್ನ ಹೆಸರು ಹೋದ್ರೆ ನೀನು ಮತ್ತೆ ಅಳ್ತೀಯ ಅಂತ ಕೂತು ಬದಲಾಯಿಸ್ದೆ. ನಿನ್ನ ಹುಟ್ಟುಹಬ್ಬಕ್ಕೆ ಕೊಡೋಣ ಅಂತ."

"ನನಗೆ ಕೊಡಲೇ ಇಲ್ಲವಲ್ಲೋ."

"ಮನೆಗೆ ತಂದಿದ್ದೆ. ನೀನಿರಲಿಲ್ಲ."

ಅಷ್ಟು ಹೇಳಿ ಅವನು ತುಟಿ ಕಚ್ಚಿಕೊಂಡ. ಮಾತು ಜಾರಿತ್ತು.

ನಾನು ಮನೆಯಲ್ಲಿ ಇಲ್ಲದಾಗ ಬಾಗಿಲು ತೆರೆಯುವವರು ಒಬ್ಬರೇ. ಆ ಹುಟ್ಟುಹಬ್ಬಕ್ಕೆ ನನಗೆ ಸಿಕ್ಕಿದ್ದು ಒಂದು ಹೂಕುಂಡ, ಅದಕ್ಕೂ ಪ್ಲಾಸ್ಟಿಕ್ ಹೊದಿಕೆ. ಅಂಚು ನೀಟಾಗಿ ಕರಗಿಸಿ ಕೂಡಿಸಿದ್ದ ಹೊದಿಕೆ. ಬಿಚ್ಚಲು ಮನಸ್ಸಾಗದಷ್ಟು ಚೆಂದವಿತ್ತು.

ಸ್ಟಿಕರ್ ಕೀಳದ ಕೈ. ಪೆಟ್ಟಿಗೆಯ ಮೇಲಿನ ಪ್ರೀತಿ ಅಂತ ಊರೆಲ್ಲ ಸಾರಿದ್ದೆ. ಪ್ರೀತಿಯೂ ಅಲ್ಲ, ಮಣ್ಣೂ ಅಲ್ಲ. ಲೇಬಲ್ ಮುಟ್ಟಿದರೆ ಕೆಲಸ ಹೋಗುತ್ತದೆಂದು ಇಪ್ಪತ್ತು ವರ್ಷ ಹೆದರಿ ಹೆದರಿ ಪಳಗಿದ ಕೈ!

"ಏಣಿ ಹಿಡ್ಕೊಂಡಿದ್ದವರು..." ಅಂದೆ.

"ಬೇಡ ಅಕ್ಕ." ತಮ್ಮ ನನ್ನ ಕೈ ಹಿಡಿದುಕೊಂಡ. "ಭಾವನಿಗೆ ಏನೋ ಕಷ್ಟ ಇತ್ತೇನೋ. ನನಗಾದ್ರೆ ಒಂದು ಅಂಗಡಿ ಹೋಗುತ್ತೆ. ನಿನಗೆ ಮನೆ ಹೋಗುತ್ತೆ."

ಅಯ್ಯೋ, ಇವನ ತಲೆ ಮೊಟಕಬೇಕೋ ತಬ್ಬಿಕೊಂಡು ಅಳಬೇಕೋ ತಿಳಿಯಲಿಲ್ಲ. ಕದ್ದವರು ಯಾರೆಂದು ಗೊತ್ತಿದ್ದೂ ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು, ನನ್ನ ಬೈಗುಳ ತಿನ್ನುತ್ತ ಕೂತಿದ್ದ. ಮೇಜಿನ ಕೆಳಗೆ ಕೈ ನೋವಾದರೂ ಟಾರ್ಚ್ ಇಳಿಸದ ಹುಡುಗ ಇವನೇ ಅಲ್ಲವೇ.

ಕೆಳಗೆ ನೋಡಿದೆ. ಅವರು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಏನಾಯಿತು ಎಂಬಂತೆ ಕೈಯಾಡಿಸಿದರು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ಊರವರ ಮನೆಯ ಕಳ್ಳರನ್ನು ಹಿಡಿದು ಬಿರುದು ಪಡೆದ ನಾನು, ಪಕ್ಕದ ದಿಂಬಿನ ಮೇಲಿನ ಮುಖವನ್ನು ಓದಲಿಲ್ಲ.

"ಮುಗೀತಾ ಮೇಡಂ?" ಬಾಗಿಲ ಹತ್ತಿರದಿಂದ ಇನ್ಸ್‌ಪೆಕ್ಟರ್ ಕೇಳಿದ. "ಏಣಿ ಹಿಡಿದವರ ಬಗ್ಗೆ ಏನಾದ್ರೂ ಹೇಳಿದ್ನಾ?"

ಇಲ್ಲ ಅಂದರೆ ಸಾಕಿತ್ತು. ಡಾಕ್ಟರಿಗೆ ಮುಖ ನೆನಪಿಲ್ಲ. ತಮ್ಮ ಸತ್ತರೂ ಬಾಯಿ ಬಿಡುವುದಿಲ್ಲ. ಲೋಕದಲ್ಲಿ ಇನ್ಯಾರಿಗೂ ಗೊತ್ತಿಲ್ಲ. ನನ್ನ ಒಂದು ಮಾತಿನ ಮೇಲೆ ಎರಡು ಬದುಕು ನಿಂತಿದ್ದವು, ಎರಡೂ ನನ್ನವರದೇ.

ಕಿಟಕಿಯಿಂದ ಹೊರಗೆ ಬಗ್ಗಿದೆ.

"ರೀ! ಸ್ವಲ್ಪ ಮೇಲೆ ಬನ್ನಿ."

ತಮ್ಮ ನನ್ನ ಕೈ ಬಿಟ್ಟುಬಿಟ್ಟ.

ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿಸಿತು. ಎಷ್ಟೋ ವರ್ಷ ಸಂಜೆಯಾದರೆ ಕಿವಿಗೊಟ್ಟು ಕಾದ ಸದ್ದು. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು. ಆಮೇಲೆ ಕುರ್ಚಿಯ ದೀಪದ ಕೆಳಗೆ ಸೀಳಿ ಬಿದ್ದಿದ್ದ ಪ್ಲಾಸ್ಟಿಕ್ ಕಣ್ಣಿಗೆ ಬಿತ್ತು. ಕೈ ತಾನಾಗಿ ಚಾಚಿತು. ಅದನ್ನೆತ್ತಿ, ಹರಿದದ್ದು ಎಲ್ಲಿಂದ ಎಂದು ನೋಡುವಂತೆ, ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಕಾರ್ಖಾನೆಯಲ್ಲಿ ದಿನವೂ ಮಾಡುವ ಕೆಲಸ.

ಇನ್ಸ್‌ಪೆಕ್ಟರ್ ಆ ಹೆಬ್ಬೆರಳನ್ನೇ ನೋಡುತ್ತಿದ್ದ.

"ಯಾಕೆ ಕರೆದೆ?" ಅಂದರು ನಮ್ಮ ಮನೆಯವರು, ತುಟಿ ಅರ್ಧವೇ ತೆರೆದು.

ಕೂಗಾಡಬೇಕು ಅಂದುಕೊಂಡಿದ್ದೆ. ಗಂಟಲಿಂದ ಬಂದದ್ದು ಮನೆಯಲ್ಲಿ ಕಾಫಿ ಕೊಡುವಾಗ ಕೇಳುವಂಥ ದನಿ.

"ಏನಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಅಂತ ತಮ್ಮ ನಿಮ್ಮ ಕೈಲಿ ಒಂದು ಗೇಮು ಕೊಟ್ಟಿದ್ನಂತೆ. ಅದೆಲ್ಲಿ ರೀ?"